ಕೊತ್ತಂಬರಿ ಬಿತ್ತಿದರೆ ಕಾಂಗ್ರೆಸ್ ಗಿಡ ಬಂತು: ಹಿತ್ತಲ ಸೊಪ್ಪಿನ ಮಡಿಯ ದೋಷ ನಿವಾರಣೆ

ಮೈಸೂರಿನ ನಮ್ಮ ಮನೆಯ ಹಿಂದೆ 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿ ಇದೆ. ಪಕ್ಕದಲ್ಲಿ ಹದಿನೈದು ಕುಂಡ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಪುದೀನ, ದೊಡ್ಡಪತ್ರೆ, ಒಂದು ಕರಿಬೇವಿನ ಗಿಡ, ಮೂಲೆಯಲ್ಲಿ ಮಜ್ಜಿಗೆ ಹುಲ್ಲು. ಅಡುಗೆಮನೆಗೆ ಸಾಕು.

ಮೊದಲ ವರ್ಷ ಕೊತ್ತಂಬರಿ ಬಿತ್ತಿ ಎರಡು ವಾರ ಕಾದೆ. ಏನೋ ಎದ್ದಿತು. ಕತ್ತರಿಸಿಟ್ಟ ಹಾಗಿರುವ ಚೆಂದದ ಎಲೆ. ದಿನಾ ಬೆಳಗ್ಗೆ ನೀರು ಚಿಮುಕಿಸಿದೆ, ಫೋಟೋ ತೆಗೆದು ತಂಗಿಗೆ ಕಳಿಸಿದೆ. ಹತ್ತು ದಿನ ಆದ ಮೇಲೆ ಪಕ್ಕದ ಮನೆಯ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿದರು. "ಅಯ್ಯೋ, ಕಾಂಗ್ರೆಸ್ ಗಿಡಕ್ಕೆ ಯಾಕಮ್ಮಾ ನೀರು ಹಾಕ್ತಿದೀಯ?"

ಕೊತ್ತಂಬರಿ ಒಂದೂ ಹುಟ್ಟಿರಲಿಲ್ಲ. ಮಣ್ಣು ಸರಿಯಿಲ್ಲ ಅಂದುಕೊಂಡು ಎರಡು ಮೂಟೆ ಎರೆಗೊಬ್ಬರ ತರಿಸಲು ಹೊರಟಿದ್ದೆ. ಅಜ್ಜಿ ತಡೆದರು. "ಇಷ್ಟು ಸೊಗಸಾಗಿ ಕಳೆ ಬೆಳೆದಿದೆ, ಮಣ್ಣಿಗೇನಾಗಿದೆ? ಬೀಜ ನೋಡು" ಎಂದರು. ಅವರು ಹೇಳಿದ್ದೇ ಸರಿ. ಡಬ್ಬದಲ್ಲಿ ವರ್ಷಗಟ್ಟಲೆ ಇದ್ದ ಧನಿಯಾ ಅದು. ಅವತ್ತಿನಿಂದ ಯಾವ ಗಿಡಕ್ಕೆ ಏನೇ ಆದರೂ ನಾನು ಮೊದಲು ನೋಡುವುದು ಅದರ ಬುಡದಲ್ಲಿರುವ ಕಳೆಯನ್ನು.

ಮೊದಲು ಕಳೆಯ ಸಾಕ್ಷಿ

ಕಳೆಗೆ ನಾವು ಗೊಬ್ಬರ ಹಾಕಿಲ್ಲ, ನೆರಳು ಕಟ್ಟಿಲ್ಲ. ಆದರೂ ಅದು ನಿಮ್ಮ ಮಣ್ಣಿನಲ್ಲೇ, ನಿಮ್ಮ ನೀರಿನಲ್ಲೇ ಇದೆ. ಹಾಗಾಗಿ ಅದರ ಸ್ಥಿತಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಕಳೆ ಹುಲುಸಾಗಿದೆ, ಸೊಪ್ಪು ಮಾತ್ರ ಬಂದಿಲ್ಲ ಅಂದರೆ ಮಣ್ಣನ್ನು ಬಿಟ್ಟುಬಿಡಿ. ತಪ್ಪು ಬೀಜದಲ್ಲಿದೆ, ಬಿತ್ತಿದ ಆಳದಲ್ಲಿದೆ, ಅಥವಾ ಬಿತ್ತಿದ ತಿಂಗಳಿನಲ್ಲಿದೆ. ಇಲ್ಲವೇ ಕಳೆಯೇ ಸೊಪ್ಪಿನ ಪಾಲನ್ನು ತಿಂದುಬಿಟ್ಟಿದೆ.

ಕಳೆಯೂ ಕುಳ್ಳಗಿದೆ, ಸೊಪ್ಪೂ ಸೊರಗಿದೆ ಅಂದರೆ ನೀರು, ಬಿಸಿಲು ಅಥವಾ ಮಣ್ಣಿನ ಕಡೆ ತಿರುಗಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಿ. ಬೆರಳು ಹೋಗದಿದ್ದರೆ ಮಣ್ಣು ಗಟ್ಟಿಯಾಗಿದೆ. ಹೋಗಿ ಒಣಗಿದ್ದರೆ ನೀರು ಮೇಲಷ್ಟೇ ನಿಲ್ಲುತ್ತಿದೆ. ಬೆರಳಿಗೆ ಕೆಸರು ಮೆತ್ತಿ ಹುಳಿ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದ್ದರೆ ಬೆರಳೂ ಬೇಡ, ಅಲ್ಲಿ ನೀರು ಬಸಿದು ಹೋಗುತ್ತಿಲ್ಲ.

ಮಳೆ ಬಿದ್ದು ತಿಂಗಳಾದರೂ ಒಂದು ಕಳೆಯೂ ಹುಟ್ಟಿಲ್ಲ ಅಂದರೆ ಖುಷಿಪಡಬೇಡಿ. ಹೊಸದಾಗಿ ಕಟ್ಟಿದ ಮನೆಗಳ ಸುತ್ತ ಇದು ಕಾಣುತ್ತದೆ. ಸಿಮೆಂಟ್ ತೊಳೆದ ನೀರು, ಗಾರೆ ಚೂರು, ಸುಣ್ಣ ಎಲ್ಲ ಮಣ್ಣಿಗೆ ಸೇರಿರುತ್ತದೆ. ಅಂಥ ಕಡೆ ಒಂದಡಿ ಮಣ್ಣು ತೆಗೆಸಿ ಬೇರೆ ತುಂಬಿಸುವುದೇ ವಾಸಿ. ಹೊಸ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಕ್ಕೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಮೊದಮೊದಲು ಕಳೆ ಇಲ್ಲದಿರುವುದೇ ಸಹಜ.

ಬಿತ್ತಿದ್ದು ಮೊಳೆಯಲೇ ಇಲ್ಲ

ಮೆಂತ್ಯ 3ರಿಂದ 5 ದಿನಕ್ಕೆ ಎದ್ದುಬಿಡುತ್ತದೆ. ಅದನ್ನು ನೋಡಿ ಕೊತ್ತಂಬರಿಗೂ ಅಷ್ಟೇ ದಿನ ಎಂದು ಲೆಕ್ಕ ಹಾಕಬೇಡಿ. ಅದಕ್ಕೆ 8ರಿಂದ 15 ದಿನ ಬೇಕು. 20 ದಿನವಾದರೂ ಏನೂ ಇಲ್ಲದಿದ್ದರೆ ಒಂದು ಚಮಚದಿಂದ ಮಣ್ಣು ಕೆದಕಿ ಬೀಜ ಹುಡುಕಿ.

ಬೀಜ ಹಾಕಿದ ಹಾಗೇ ಗಟ್ಟಿಯಾಗಿ ಸಿಕ್ಕಿತು ಅಂದರೆ ಅದು ಹಳೆಯದು, ಇಲ್ಲವೇ ಅದಕ್ಕೆ ತೇವ ತಲುಪಿಲ್ಲ. ಕಪ್ಪಾಗಿ ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿ ಕೊಳೆತಿದೆ. ಬೀಜವೇ ಸಿಗಲಿಲ್ಲವೇ? ಇರುವೆಗಳು ಹೊತ್ತಿವೆ, ಅಥವಾ ಗುಬ್ಬಿ, ಪಾರಿವಾಳ ತಿಂದಿವೆ. ಮೊಳಕೆ ಒಡೆದು ಒಳಗೇ ಬಾಗಿ ಸತ್ತಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿದೆ. ನಮ್ಮ ಕಡೆಯ ಕೆಂಪು ಮಣ್ಣಿಗೆ ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಮರುದಿನ ಹಪ್ಪಳದಂತೆ ಪದರ ಕಟ್ಟುತ್ತದೆ. ಎಳೆ ಮೊಳಕೆಗೆ ಅದನ್ನು ಎತ್ತಲು ಆಗುವುದಿಲ್ಲ. ಬಿತ್ತಿದ ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಗೊಬ್ಬರ ಉದುರಿಸಿ, ಶವರ್‌ನಂತೆ ಚಿಮುಕಿಸುವ ಕ್ಯಾನಿನಲ್ಲಿ ನೀರು ಹಾಕಿದರೆ ಈ ತೊಂದರೆ ಇಲ್ಲ.

ಕೊತ್ತಂಬರಿಯ ಒಂದು ಕಾಳು ಅಂದರೆ ಒಳಗೆ ಎರಡು ಬೀಜ. ಚಪ್ಪಲಿ ಕಾಲಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡಾಗಿಸಬೇಕು, ಪುಡಿಯಾಗಬಾರದು. ಆಮೇಲೆ ಒಂದು ರಾತ್ರಿ ನೆನೆಸಿ, ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಅಂಗಡಿಯ ಧನಿಯಾ ಮೊಳೆಯುತ್ತದೆಯೇ? ಹೊಸ ಮಾಲಾದರೆ ಮೊಳೆಯುತ್ತದೆ, ಹಳೆಯದಾದರೆ ಇಲ್ಲ. ಅನುಮಾನ ಇದ್ದರೆ 20 ಹೋಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 12 ದಿನದಲ್ಲಿ ಹತ್ತಕ್ಕಿಂತ ಕಡಿಮೆ ಮೊಳೆತರೆ ಅದನ್ನು ಸಾರಿನ ಪುಡಿಗೆ ಬಳಸಿ, ಬಿತ್ತನೆಗೆ ಬೇರೆ ತನ್ನಿ. ಹಾಂ, ಬೀಜದಂಗಡಿಯಿಂದ ತಂದ ಬಣ್ಣ ಹಚ್ಚಿದ ಬೀಜವನ್ನು ಮಾತ್ರ ತಪ್ಪಿಯೂ ಸಾರಿನ ಪುಡಿಗೆ ಹಾಕಬೇಡಿ. ಆ ಬಣ್ಣದ ಜತೆ ಔಷಧಿ ಇರುತ್ತದೆ.

ಎದ್ದ ಸಸಿ ರಾತ್ರೋರಾತ್ರಿ ಮಲಗಿತು

ಮಲಗಿದ ಸಸಿಯ ಬುಡ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಒದ್ದೆ ದಾರದಂತೆ ಸಣ್ಣಗಾಗಿದ್ದರೆ ಅದು ಶಿಲೀಂಧ್ರ. ದಟ್ಟವಾಗಿ ಎರಚಿ, ಸಂಜೆ ಹೊತ್ತು ನೀರು ಹಾಕಿ, ಗಾಳಿಯಾಡದಂತೆ ಮಾಡಿದರೆ ಬರುತ್ತದೆ. ಬಿದ್ದ ಸಸಿ ಏಳುವುದಿಲ್ಲ. ಸುತ್ತಲಿನದನ್ನೂ ಸೇರಿಸಿ ಕಿತ್ತು, ಎರಡು ದಿನ ನೀರು ನಿಲ್ಲಿಸಿ. ಮುಂದಿನ ಸಲ ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ, ಬೆಳಗ್ಗೆ ಮಾತ್ರ ನೀರು ಕೊಡಿ.

ಬುಡ ಚೆನ್ನಾಗಿದ್ದು ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದರೆ ಅದು ಹುಳು. ಅಲ್ಲೇ ಒಂದಿಂಚು ಕೆದಕಿದರೆ ಸುರುಳಿ ಸುತ್ತಿ ಮಲಗಿರುವ ಬೂದುಬಣ್ಣದ ಹುಳು ಸಿಗುತ್ತದೆ. ಎಲೆಯೇ ಮಾಯವಾಗಿ ಮಣ್ಣಿನ ಮೇಲೆ ಬೆಳ್ಳಿಗೆರೆ ಹೊಳೆಯುತ್ತಿದ್ದರೆ ಬಸವನಹುಳು. ರಾತ್ರಿ 9ರ ಮೇಲೆ ಟಾರ್ಚ್ ಹಿಡಿದು ಹೋಗಿ.

ಗೇಣುದ್ದ ಆಗುವ ಮೊದಲೇ ಹೂವು

ಕೊತ್ತಂಬರಿಯ ಮೇಲಿನ ಎಲೆಗಳು ಸಬ್ಬಸಿಗೆಯಂತೆ ನೂಲುನೂಲಾದರೆ ಅದು ಹೂವಿಗೆ ಹೊರಟಿದೆ. ಇದು ರೋಗವಲ್ಲ. ಗಿಡಕ್ಕೆ ಸೆಕೆಯಾಗಿದೆ. ಹಗಲು 30 ಡಿಗ್ರಿ ದಾಟುವ ದಿನಗಳಲ್ಲಿ ಅದಕ್ಕೆ ಎಲೆ ಬೆಳೆಸುವ ತಾಳ್ಮೆ ಇರುವುದಿಲ್ಲ. ಒಂದೆರಡು ದಿನ ನೀರು ತಪ್ಪಿದರೂ, ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೂ ಹೀಗೇ ಮಾಡುತ್ತದೆ. ಅದರ ತಾಯಿಬೇರು ಅಲುಗಾಡಿಸಿದರೆ ಸಹಿಸುವುದಿಲ್ಲ.

ಹಿಂದಕ್ಕೆ ತಿರುಗಿಸುವ ಉಪಾಯ ಇಲ್ಲ. ಹೂದಂಟು ಚಿವುಟಿದರೆ ಒಂದು ವಾರ ಎಳೆಯಬಹುದು ಅಷ್ಟೇ. ನಾನು ಚಿವುಟುವುದಿಲ್ಲ. ಹಸಿ ಕಾಳನ್ನು ಚಟ್ನಿಗೆ ಹಾಕಿ ನೋಡಿ, ನೀವೂ ಚಿವುಟುವುದಿಲ್ಲ. ಅಕ್ಟೋಬರ್‌ನಿಂದ ಜನವರಿವರೆಗೆ ಎರಡು-ಮೂರು ವಾರಕ್ಕೊಮ್ಮೆ ಒಂದೊಂದು ಸಾಲು ಬಿತ್ತುತ್ತಾ ಹೋದರೆ ಸೊಪ್ಪು ಬಿಡುವಿಲ್ಲದೆ ಸಿಗುತ್ತದೆ. ಏಪ್ರಿಲ್‌ನಲ್ಲೂ ಬೇಕೇ ಬೇಕು ಅನ್ನುವವರು ಅರ್ಧ ಬಿಸಿಲು ತಡೆಯುವ ನೆರಳು ಪರದೆ ಕಟ್ಟಿ. ಇಲ್ಲವೇ ಆ ಬೇಸಿಗೆಯ ದಿನಗಳಲ್ಲಿ ದೊಡ್ಡಪತ್ರೆ ತಂಬುಳಿ ಮಾಡಿಕೊಳ್ಳಿ. ಅದಕ್ಕೆ ಸೆಕೆಯ ಭಯವಿಲ್ಲ, ನೀರು ಜಾಸ್ತಿ ಹಾಕದಿದ್ದರೆ ಸಾಕು.

ಎಲೆ ಹಳದಿ: ಹಳೆಯದೋ, ಹೊಸದೋ?

ಇದರಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳದಿ ಎಲೆ ಕಂಡ ತಕ್ಷಣ ನಾವು ಗೊಬ್ಬರ ಹಾಕುತ್ತೇವೆ. ಅದಕ್ಕೂ ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಸಾರಜನಕ ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಹೀರಿ ಚಿಗುರಿಗೆ ಕಳಿಸುತ್ತದೆ. ಮನೆಯ ಹಿರಿಯರು ತಮ್ಮ ಪಾಲನ್ನು ಮಕ್ಕಳ ತಟ್ಟೆಗೆ ಹಾಕಿದ ಹಾಗೆ. ಆಗ ಕೆಳಗಿನ ಎಲೆ ಪೂರ್ತಿ ಹಳದಿ, ಮೇಲಿನದು ತಿಳಿಹಸಿರು. ಇಲ್ಲಿ ಗೊಬ್ಬರ ಕೆಲಸ ಮಾಡುತ್ತದೆ. ಕಬ್ಬಿಣದ ಅಂಶ ಹಾಗಲ್ಲ. ಅದು ಒಮ್ಮೆ ಎಲೆಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಬ್ಬಿಣ ಸಾಲದಿದ್ದರೆ ಮೊದಲು ಬಿಳಿಚುವುದು ಚಿಗುರು. ಎಲೆ ಹಳದಿ, ನರ ಮಾತ್ರ ಹಸಿರು, ಬಲೆಯ ಹಾಗೆ ಕಾಣುತ್ತದೆ.

ನಮ್ಮ ಕರಿಬೇವಿಗೆ ಆಗಿದ್ದು ಎರಡನೆಯದು. ನಾನು ಸಗಣಿ ಗೊಬ್ಬರ ಹಾಕಿದೆ. ಹುಳಿ ಮಜ್ಜಿಗೆ ಹಾಕಿದೆ. ಯಾರೋ ಹೇಳಿದರು ಎಂದು ತುಕ್ಕು ಹಿಡಿದ ಮೊಳೆಗಳನ್ನೂ ಬುಡದಲ್ಲಿ ಹೂತೆ. ಮೂರು ತಿಂಗಳಾದರೂ ಚಿಗುರು ಬಿಳಿಚಿಯೇ ಬಂತು. ಕೊನೆಗೆ ಕಣ್ಣಿಗೆ ಬಿದ್ದದ್ದು ಕುಂಡದ ಅಂಚಿನ ಬಿಳಿ ಪುಡಿ. ಬಚ್ಚಲ ಹಂಡೆಯಲ್ಲಿ ಕಟ್ಟುತ್ತದಲ್ಲ, ಅದೇ. ಬೋರ್‌ವೆಲ್ ನೀರಿನ ಗಡಸು. ವರ್ಷವಿಡೀ ಅದೇ ನೀರು ಹಾಕಿದ್ದಕ್ಕೆ ಮಣ್ಣು ಕ್ಷಾರವಾಗಿತ್ತು. ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕರಗುವುದಿಲ್ಲ, ಕರಗದ್ದು ಬೇರಿಗೆ ಸಿಗುವುದಿಲ್ಲ. ತುಕ್ಕಿನ ಮೊಳೆಯ ಕಥೆಯೂ ಅಷ್ಟೇ. ಅನುಮಾನ ಇದ್ದರೆ ಒಣಮಣ್ಣಿನ ಮೇಲೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಸುಣ್ಣ ಸೇರಿದೆ ಎಂದೇ ಅರ್ಥ.

ಆ ಕುಂಡದಲ್ಲೂ ಸಾಕ್ಷಿ ಇತ್ತು, ನಾನೇ ಓದಿರಲಿಲ್ಲ. ಬುಡದಲ್ಲಿದ್ದ ಪುಳ್ಳಂಪುರಚಿಯ ಎಲೆಗಳೂ ಬಿಳಿಚಿದ್ದವು. ಅದೇ ಕಳೆ ಮಡಿಯಲ್ಲಿ ಕಡುಹಸಿರಾಗಿತ್ತು. ಅಂದರೆ ತೊಂದರೆ ಕರಿಬೇವಿನದಲ್ಲ, ಕುಂಡದ್ದು.

ಗುಣವಾಗಿದ್ದು ಹೀಗೆ. ಮೇಲಿನ ಎರಡಿಂಚು ಮಣ್ಣು ತೆಗೆದು ಕಾಂಪೋಸ್ಟ್ ತುಂಬಿಸಿದೆ. ತಾರಸಿಯ ಮಳೆನೀರು ಸಿಕ್ಕಷ್ಟು ದಿನ ಅದನ್ನೇ ಹಾಕಿದೆ. ಜತೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಆಮೇಲೆ ಬಂದ ಚಿಗುರು ಹಸಿರಾಗಿತ್ತು. ಹಳೆ ಸೀರೆ ಉಟ್ಟು ಸಿಂಪಡಿಸಿ, ಅದರ ಕಲೆ ಹೋಗುವುದಿಲ್ಲ. ಸಿಂಪಡಿಸಿದ ವಾರದಲ್ಲಿ ಒಗ್ಗರಣೆಗೆ ಬೇರೆ ಕಡೆಯ ಕರಿಬೇವು ತನ್ನಿ.

ಎರಡು ಎಚ್ಚರಿಕೆ. ಕುಂಡದ ತೂತು ಮುಚ್ಚಿ ನೀರು ನಿಂತರೂ ಚಿಗುರು ಹೀಗೇ ಬಿಳಿಚುತ್ತದೆ. ಹಾಗಾಗಿ ಅನ್ನಭೇದಿ ಹುಡುಕುವ ಮೊದಲು ತೂತಿಗೆ ಒಂದು ಕಡ್ಡಿ ಹಾಕಿ ನೋಡಿ. ಇನ್ನೊಂದು, ಡಿಸೆಂಬರ್-ಜನವರಿಯ ಚಳಿಯಲ್ಲಿ ಕರಿಬೇವಿನ ಕೆಳಗಿನ ಎಲೆ ಹಳದಿಯಾಗಿ ಉದುರುವುದು ಸಾಮಾನ್ಯ. ಆಗ ನೀರು, ಗೊಬ್ಬರ ಏನನ್ನೂ ಹೆಚ್ಚಿಸಬೇಡಿ. ಸುಮ್ನೆ ಬಿಡಿ, ಬಿಸಿಲೇರಿದಾಗ ಚಿಗುರುತ್ತದೆ.

ಚಿಗುರು ಮುರುಟಿದೆ

ಕರಿಬೇವಿನ ಚಿಗುರು ಮುರುಟಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಸಿಲ್ಲಾ ಎಂಬ ಸಣ್ಣ ಕೀಟ. ನಿಂಬೆ ಗಿಡಕ್ಕೂ ಇದೇ ಬರುತ್ತದೆ. ಕಂದು ಬಣ್ಣ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ, ಅದನ್ನು ನೋಡಿಯೇ ಗುರುತಿಸಬಹುದು. ಮರಿಗಳು ಹಳದಿ, ಬಿಳಿ ಮೇಣದ ಎಳೆ ಬಿಡುತ್ತವೆ. ಎಲೆ ಅಂಟಂಟಾಗಿ ಮಸಿ ಹಿಡಿದಿರುತ್ತದೆ, ಇರುವೆ ಸಾಲು ಓಡಾಡುತ್ತಿರುತ್ತದೆ. ಮುರುಟಿದ ತುದಿ ಕತ್ತರಿಸಿ, ಲೀಟರಿಗೆ 5 ಮಿಲಿ ಬೇವಿನೆಣ್ಣೆಗೆ ಒಂದೆರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಇರುವೆ ಹತ್ತದಂತೆ ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಎಲೆ ಅಂಚಿನಿಂದ ಖಾಲಿಯಾಗುತ್ತಾ ಬಂದಿದ್ದರೆ ಹಕ್ಕಿಯ ಹಿಕ್ಕೆಯಂತೆ ಕಾಣುವುದನ್ನು ಹುಡುಕಿ. ಅದು ಹಿಕ್ಕೆಯಲ್ಲ, ಚಿಟ್ಟೆಯ ಮರಿ. ದೊಡ್ಡ ಗಿಡವಾದರೆ ನಾಲ್ಕು ಎಲೆ ತಿನ್ನಲಿ ಬಿಡಿ. ನನ್ನ ಮಗಳು ಕಳೆದ ವರ್ಷ ಎರಡನ್ನು ಡಬ್ಬದಲ್ಲಿಟ್ಟು ಚಿಟ್ಟೆ ಮಾಡಿಸಿದಳು.

ಹತ್ತನೆಯ ಸಲದ ಕಥೆ ಬೇರೆ. ಒಂದು ಜುಲೈನಲ್ಲಿ ಕರಿಬೇವು, ಪುದೀನ, ಟೊಮೇಟೊ ಎಲ್ಲದರ ಚಿಗುರೂ ಒಂದೇ ವಾರದಲ್ಲಿ ತಿರುಚಿಕೊಂಡಿತು. ಎಲೆ ಸಪೂರವಾಗಿ, ದಂಟು ಹಗ್ಗದಂತೆ ಹೊರಳಿತ್ತು. ವೈರಸ್ ಎಂದುಕೊಂಡು ಟೊಮೇಟೊ ಕಿತ್ತೆ. ಕೀಳುವಾಗ ಬುಡದ ಗೋಣಿಸೊಪ್ಪು ನೋಡಿದರೆ ಅದೂ ತಿರುಚಿದೆ! ಪಕ್ಕದಲ್ಲೇ ಗರಿಕೆ ಮಾತ್ರ ನೆಟ್ಟಗೆ ನಿಂತಿದೆ. ಕೀಟ, ವೈರಸ್‌ಗಳಿಗೆ ತಮ್ಮದೇ ಇಷ್ಟದ ಗಿಡ ಇರುತ್ತದೆ. ಸಂಬಂಧವೇ ಇಲ್ಲದ ನಾಲ್ಕು ಗಿಡಕ್ಕೆ ಅವು ಒಟ್ಟಿಗೇ ಬಂದು, ಹುಲ್ಲೊಂದನ್ನು ಮಾತ್ರ ಉಳಿಸಿ ಹೋಗುವುದು ಇಲ್ಲ. ಅಗಲ ಎಲೆಯದನ್ನು ಕೆಡಿಸಿ ಹುಲ್ಲನ್ನು ಬಿಡುವುದು 2,4-ಡಿ ಥರದ ಕಳೆನಾಶಕ. ವಿಚಾರಿಸಿದರೆ ಹೌದು, ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಸಾಯಿಸಲು ಗಾಳಿ ಬೀಸುವ ಮಧ್ಯಾಹ್ನ ಔಷಧಿ ಹೊಡೆಸಿದ್ದರು. ಆ ಕಡೆಯ ಗೋಡೆಗೆ ಹತ್ತಿರ ಇದ್ದ ಗಿಡಗಳೇ ಜಾಸ್ತಿ ತಿರುಚಿದ್ದವು. ಇದಕ್ಕೆ ಮದ್ದಿಲ್ಲ. ಆ ಸೊಪ್ಪು ತಿನ್ನದೆ ಎಲ್ಲ ಕತ್ತರಿಸಿ ಎಸೆದೆ. ಕರಿಬೇವು ಎರಡು ತಿಂಗಳಲ್ಲಿ ಸುಧಾರಿಸಿತು.

ಪುದೀನ

ಕಾಂಡ ಉದ್ದ, ಎಲೆ ಸಣ್ಣ: ಬಿಸಿಲು ಸಾಲದು, ನಾಲ್ಕು ಗಂಟೆಯಾದರೂ ಬೇಕು. ನಡುವೆ ಬೋಳು, ಅಂಚಿನಲ್ಲಿ ಮಾತ್ರ ಹಸಿರು: ಬೇರು ಕುಂಡ ತುಂಬಿದೆ, ಅಂಚಿನ ತುಂಡು ಕತ್ತರಿಸಿ ಹೊಸ ಮಣ್ಣಿಗೆ ನೆಡಿ. ಎಲೆಯಡಿ ಇಟ್ಟಿಗೆ ಬಣ್ಣದ ಪುಡಿ: ತುಕ್ಕುರೋಗ, ನೆಲಮಟ್ಟಕ್ಕೆ ಕತ್ತರಿಸಿ ಆ ಕಸವನ್ನು ಕಾಂಪೋಸ್ಟಿಗೆ ಹಾಕದೆ ಬಿಸಾಡಿ. ಪುದೀನವನ್ನು ಮಡಿಯಲ್ಲಿ ನೆಡಲೇಬೇಡಿ. ಒಂದು ವರ್ಷದಲ್ಲಿ ಅದೇ ಕಳೆಯಾಗುತ್ತದೆ.

ಕಿತ್ತಷ್ಟೂ ಕಳೆ ಬರುತ್ತಿದೆ

ಈಗ ಸಾಕ್ಷಿಯನ್ನೇ ಕಟಕಟೆಗೆ ತರೋಣ. ಕಳೆಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬೇರು ಗೊತ್ತಿರಬೇಕು. ಒಂದನ್ನು ಮೆಲ್ಲಗೆ ಅಗೆದು ತೆಗೆದು ನೋಡಿ. ಒಂದೇ ಬೇರು ನೇರ ಇಳಿದಿದ್ದರೆ ಕೈಯಲ್ಲಿ ಕಿತ್ತರೆ ಮುಗಿಯಿತು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹಬ್ಬಿದ್ದರೆ ಒಂದು ಗೆಣ್ಣು ಉಳಿದರೂ ಮತ್ತೆ ಬರುತ್ತದೆ. ಬುಡದಲ್ಲಿ ಕಪ್ಪು ಗಡ್ಡೆ, ಅದರಿಂದ ದಾರ, ದಾರದ ತುದಿಗೆ ಇನ್ನೊಂದು ಗಡ್ಡೆ ಇದ್ದರೆ ಕುರ್ಚಿ ಹಾಕಿಕೊಂಡು ಕೂತು ಈ ಮುಂದಿನದನ್ನು ಓದಿ.

ಅದು ಕೊನ್ನಾರಿ. ಜೇಕು, ತುಂಗೆ ಎಂದೂ ಕರೆಯುತ್ತಾರೆ. ನೋಡಲು ಹುಲ್ಲು, ಆದರೆ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಅಂಚು ತಾಗುತ್ತದೆ. ನಮ್ಮ ಮಡಿಗೆ ಇದು ಬಂದಿದ್ದು ಒಂದು ಆಟೋ ಕೆಂಪು ಮಣ್ಣಿನ ಜತೆ. ನರ್ಸರಿಯ ಗಿಡದ ಕವರಿನಲ್ಲೂ ಬರುತ್ತದೆ. ನಾನು ದಿನಾ ಕಿತ್ತೆ. ಕಿತ್ತಾಗ ಮೇಲಿನ ಚಿಗುರು ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಸರಪಳಿ ತುಂಡಾದಾಗ ಅಲ್ಲಿಯವರೆಗೆ ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಸಲಿಕೆಯಲ್ಲಿ ಕೊಚ್ಚಿದರಂತೂ ನಾವೇ ನಾಟಿ ಮಾಡಿದ ಹಾಗೆ. ಕಪ್ಪು ಪ್ಲಾಸ್ಟಿಕ್ ಹೊದಿಸಿದೆ. ಸೂಜಿಯಂಥ ಮೊಳಕೆ ಅದನ್ನೂ ಚುಚ್ಚಿಕೊಂಡು ಬಂತು.

ಅದಕ್ಕೂ ಎರಡು ದೌರ್ಬಲ್ಯ ಇದೆ, ಒಣಗುವುದು ಮತ್ತು ನೆರಳು. ಗಡ್ಡೆ ಹೆಚ್ಚಾಗಿ ಮೇಲಿನ ಅರ್ಧ ಅಡಿಯಲ್ಲೇ ಇರುತ್ತದೆ. ಮಾರ್ಚ್ ಕೊನೆಯಲ್ಲಿ ಮಡಿಗೆ ನೀರು ನಿಲ್ಲಿಸಿ, ಮುಳ್ಳು ಗುದ್ದಲಿಯಿಂದ ಮಣ್ಣು ಎತ್ತಿ, ಜಾಲಿಸಿ, ಸಿಕ್ಕ ಗಡ್ಡೆಗಳನ್ನು ತಾರಸಿಯ ಮೇಲೆ ಹರವಿ ಒಣಗಿಸಿ. ಕಾಂಪೋಸ್ಟ್ ಗುಂಡಿಗೆ ಬೇಡ. ಮಡಿಯಲ್ಲಿ ಉಳಿದದ್ದು ಬೇಸಿಗೆ ಮಳೆಗೆ ಚಿಗುರುತ್ತದೆ. ಹತ್ತು-ಹದಿನೈದು ದಿನಕ್ಕೊಮ್ಮೆ ಚಿಗುರು ತೆಗೆಯುತ್ತಲೇ ಇರಿ. ಪ್ರತಿ ಸಲ ಚಿಗುರುವಾಗಲೂ ಗಡ್ಡೆ ಕೂಡಿಟ್ಟ ಗಂಟು ಕರಗುತ್ತದೆ, ಹೊಸ ಗಡ್ಡೆ ಕಟ್ಟಲು ಬಿಡಬಾರದು ಅಷ್ಟೇ. ಮಳೆಗಾಲದಲ್ಲಿ ಆ ಜಾಗಕ್ಕೆ ಗೆಣಸಿನ ಬಳ್ಳಿ ಹಬ್ಬಿಸಿ ನೆರಳು ಮಾಡಿ. ನನಗೆ ಎರಡು ಮಳೆಗಾಲ ಹಿಡಿಯಿತು. ಒಂದು ತಿಂಗಳಲ್ಲಿ ಕೊನ್ನಾರಿ ಹೋಗಿಸುತ್ತೇನೆ ಎನ್ನುವವರ ಮಾತು ನಂಬಬೇಡಿ. ಇದೇ ಗಡ್ಡೆಯನ್ನು ಒಣಗಿಸಿ ಗ್ರಂಧಿಗೆ ಅಂಗಡಿಯಲ್ಲಿ ಮಾರುತ್ತಾರೆ ಎಂದು ಗೊತ್ತಾದಾಗ ಸ್ವಲ್ಪ ಹೊಟ್ಟೆ ಉರಿಯಿತು.

ಗರಿಕೆ ಇಷ್ಟು ಹಟಮಾರಿಯಲ್ಲ. ಅದು ಅಂಚಿನಿಂದ ನುಗ್ಗುತ್ತದೆ. ಮಡಿಯ ಸುತ್ತ ಒಂದಡಿ ಆಳಕ್ಕೆ ಕಲ್ಲೋ ಹಳೆ ಟೈಲ್ಸೋ ನಿಲ್ಲಿಸಿದರೆ ಮುಕ್ಕಾಲು ಪಾಲು ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಉಳಿಸಿಕೊಳ್ಳಿ. ಗಣೇಶ ಚೌತಿಯ ಹಿಂದಿನ ದಿನ ಬೀದಿಯವರೆಲ್ಲ ನಿಮ್ಮ ಮನೆಗೇ ಬರುತ್ತಾರೆ.

ಕಾಂಗ್ರೆಸ್ ಗಿಡಕ್ಕೆ ಒಂದೇ ಬೇರು, ಮಳೆ ಬಂದ ಮರುದಿನ ಸಲೀಸಾಗಿ ಬರುತ್ತದೆ. ಆದರೆ ಬಿಳಿ ಹೂ ಕಾಣುವ ಮೊದಲೇ ಕೀಳಬೇಕು, ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಕೈಗವಸು ಹಾಕಿಕೊಳ್ಳಿ, ಕೆಲವರಿಗೆ ಚರ್ಮ ಕೆರೆಯುತ್ತದೆ, ಉಬ್ಬಸ ಬರುತ್ತದೆ. ಎಲೆಯ ಮೇಲೆ ಗೆರೆಗೆರೆಯ ಕೆನೆಬಣ್ಣದ ದುಂಡು ದುಂಬಿ ಕಂಡರೆ ಸಾಯಿಸಬೇಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ ಅದು. ಮತ್ತೆ ನನ್ನ ಹಾಗೆ ಮೋಸ ಹೋಗದಿರಲು: ಕೊತ್ತಂಬರಿಯ ಮೊದಲ ಎರಡು ಎಲೆ ಉದ್ದ, ನುಣುಪು. ಕಾಂಗ್ರೆಸ್ಸಿನದು ಚಿಕ್ಕದು, ದುಂಡಗೆ. ಆಮೇಲಿನ ಎಲೆಗಳಲ್ಲಿ ಸಣ್ಣ ಕೂದಲಿರುತ್ತದೆ, ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಉಜ್ಜಿದರೆ ಕೊತ್ತಂಬರಿ ವಾಸನೆ ಇಲ್ಲ. ವಾಸನೆ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ ನೋಡಿ.

ಗೋಣಿಸೊಪ್ಪು, ಅಣ್ಣೆಸೊಪ್ಪು, ಪುಳ್ಳಂಪುರಚಿಯನ್ನು ನಾನು ಕಳೆ ಎನ್ನುವುದಿಲ್ಲ, ಬಸ್ಸಾರಿಗೂ ಚಟ್ನಿಗೂ ಆಗುತ್ತದೆ. ಗೋಣಿಸೊಪ್ಪನ್ನು ಕಿತ್ತು ಅಲ್ಲೇ ಬಿಟ್ಟರೆ ಮತ್ತೆ ಬೇರು ಬಿಡುತ್ತದೆ ಎಂಬುದು ನೆನಪಿರಲಿ. ಅದರಂತೆಯೇ ನೆಲಕ್ಕೆ ಹಬ್ಬುವ ಇನ್ನೊಂದು ಗಿಡ ಇದೆ, ಮುರಿದರೆ ಹಾಲು ಬರುತ್ತದೆ. ಅದನ್ನು ತಿನ್ನಬಾರದು. ಗೋಣಿಸೊಪ್ಪಿನ ದಂಟು ದಪ್ಪ, ಮುರಿದರೆ ಬರೀ ನೀರು.

ಬಿತ್ತುವ ಮೊದಲೇ ಕಳೆಗೆ ಮೋಸ ಮಾಡುವುದು

ಕೊತ್ತಂಬರಿಗೆ ಮೊದಲ ಒಂದು ತಿಂಗಳು ಕಳೆಯ ಜತೆ ಪೈಪೋಟಿ ಮಾಡುವ ಶಕ್ತಿ ಇಲ್ಲ. ಹಾಗಾಗಿ ಕಳೆಯನ್ನು ಮೊದಲೇ ಎಬ್ಬಿಸಬೇಕು. ಮಡಿ ಹದ ಮಾಡಿ, ಬಿತ್ತದೆ, ನೀರು ಹಾಕುತ್ತಾ 10ರಿಂದ 15 ದಿನ ಬಿಡಿ. ಬಿತ್ತಿದ್ದಾರೆ ಎಂದುಕೊಂಡು ಕಳೆಯೆಲ್ಲ ಏಳುತ್ತದೆ. ಅದನ್ನು ಮೇಲ್ಮೇಲೆ, ಅರ್ಧ ಇಂಚಿಗಿಂತ ಆಳಕ್ಕೆ ಹೋಗದೆ ಕೆರೆದು ತೆಗೆಯಿರಿ. ಆಳಕ್ಕೆ ಅಗೆದರೆ ಕೆಳಗೆ ಮಲಗಿರುವ ಬೀಜವನ್ನು ಬೆಳಕಿಗೆ ತಂದಂತಾಗುತ್ತದೆ. ಆಮೇಲೆ ಬಿತ್ತಿ.

ಎರಚಬೇಡಿ, ಒಂದು ಗೇಣು ಬಿಟ್ಟು ದಾರ ಹಿಡಿದು ಸಾಲಾಗಿ ಬಿತ್ತಿ. ಸಾಲಿನ ಆಚೆ ಹುಟ್ಟಿದ್ದೆಲ್ಲ ಕಳೆ. ಎಲೆ ಗುರುತಿಸುವ ಪಾಂಡಿತ್ಯವೇ ಬೇಡ. ಈ ಒಂದು ಬುದ್ಧಿ ಮೊದಲೇ ಇದ್ದಿದ್ದರೆ ಆ ಫೋಟೋ ತಂಗಿಗೆ ಹೋಗುತ್ತಿರಲಿಲ್ಲ.

ಹೀಗೆ ಮಾಡಿದ ಮೇಲೂ ಕಳೆ ಜಾಸ್ತಿ ಎದ್ದರೆ ಗೊಬ್ಬರದ ಮೇಲೆ ಅನುಮಾನ ಪಡಿ. ಹಸು ತಿಂದ ಹುಲ್ಲಿನ ಬೀಜ ಸಗಣಿಯಲ್ಲಿ ಜೀವಂತ ಇರುತ್ತದೆ. ಗುಂಡಿಯಲ್ಲಿ ಚೆನ್ನಾಗಿ ಕಾವು ಏರಿ ಕಳಿತ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಹಾಕಿ. ಒಂದು ಹಿಡಿಯನ್ನು ಕುಂಡದಲ್ಲಿ ಒದ್ದೆ ಮಾಡಿಟ್ಟರೆ ಎರಡು ವಾರದಲ್ಲಿ ಗೊತ್ತಾಗುತ್ತದೆ.

ಒಣ ಎಲೆ, ತೆಂಗಿನ ನಾರು, ಹುಲ್ಲು ಹೊದಿಸುವುದು ಕರಿಬೇವು, ಮಜ್ಜಿಗೆ ಹುಲ್ಲಿಗೆ ಒಳ್ಳೆಯದು. ಮೂರಿಂಚು ದಪ್ಪ ಇರಲಿ, ಕಾಂಡಕ್ಕೆ ತಾಗದಿರಲಿ. ಮಳೆ ಜೋರಾದಾಗ ತೆಳುವು ಮಾಡಿ, ಇಲ್ಲದಿದ್ದರೆ ಅದರಡಿ ಬಸವನಹುಳುಗಳ ಸಂಸಾರ ಶುರುವಾಗುತ್ತದೆ.

ಉಪ್ಪುನೀರು ಸುರಿದರೆ ಕಳೆ ಸಾಯುತ್ತದೆ, ನಿಜ. ಮಣ್ಣೂ ಸಾಯುತ್ತದೆ. ವಿನೆಗರ್ ಎಳೆ ಕಳೆಯ ಎಲೆ ಸುಡುತ್ತದೆ, ಗಡ್ಡೆಗೆ ಏನೂ ಆಗದು. ಗ್ಲೈಫೋಸೇಟ್ ಎಂಬ ಕಳೆನಾಶಕದ ವಿಚಾರ ಕೇಳುವವರಿಗೆ: ತಿನ್ನುವ ಸೊಪ್ಪಿನ ಮಡಿಯಲ್ಲಿ ಅದಕ್ಕೆ ಜಾಗವಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ಅದರ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಮಾತ್ರ ಎಂದು ನಿರ್ಬಂಧಿಸಿ ಆದೇಶಿಸಿತು.

ಈ ವರ್ಷದ ಮಡಿ ಈಗ ಹನ್ನೆರಡನೇ ದಿನದಲ್ಲಿದೆ. ಇನ್ನೂ ಬಿತ್ತಿಲ್ಲ. ಪುಳ್ಳಂಪುರಚಿ ಒಂದು ಬೊಗಸೆ, ಕಾಂಗ್ರೆಸ್ ಏಳು, ಕೊನ್ನಾರಿ ಮೂರು. ಮೂರನ್ನೂ ಗಡ್ಡೆ ಸಮೇತ ತೆಗೆದಿದ್ದೇನೆ. ಧನಿಯಾ ಇವತ್ತು ರಾತ್ರಿ ನೆನೆಯುತ್ತದೆ.